ಅಕ್ಕ ತನಗಾಗಿ ಮನೆ ನೋಡಿದ್ದು: ಥಿಂಫುವೋ ಪಾರೋವೋ

ಸಿರಸಂಗಿ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಗಂಡಿನ ಮನೆ ನೋಡಿ ಬರುವ ರೂಢಿ ಇದೆ. ಹೊಲ ಎಷ್ಟು, ದನ ಎಷ್ಟು, ನೀರು ಎಲ್ಲಿಂದ ಬರುತ್ತದೆ, ಅಡುಗೆಮನೆಯ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ. ಮನಸ್ಸಿಗೆ ಬಂದರೆ ಆ ಮನೆಯವರು ಮುಂದಿಟ್ಟ ತಟ್ಟೆಯಿಂದ ಎಲೆ-ಅಡಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಬರದಿದ್ದರೆ ‘ಊರಿಗೆ ಹೋಗಿ ಹೇಳಿ ಕಳಿಸ್ತೇವ್ರಿ’ ಎಂದು ತಟ್ಟೆ ಮುಟ್ಟದೆ ಏಳುತ್ತಾರೆ. ಎಲೆ ಬಾಯಿಗೆ ಹೋದರೆ ಮಾತು ಕೊಟ್ಟಂತೆ. ಆಮೇಲೆ ಹಿಂದೆಗೆಯುವಂತಿಲ್ಲ.

ನಲವತ್ನಾಲ್ಕು ವರ್ಷದ ಹಿಂದೆ ನಮ್ಮಪ್ಪ ಬೈಲಹೊಂಗಲದಿಂದ ಸಿರಸಂಗಿಗೆ ಹೀಗೇ ಹೋಗಿ ನನ್ನ ಅಕ್ಕ ಗಂಗವ್ವನಿಗೆ ಮನೆ ನೋಡಿ ಬಂದಿದ್ದರು. ಪಡಸಾಲೆಯಲ್ಲಿ ಎರಡು ಹಂಡೆ ತುಂಬ ಸಿಹಿನೀರು ಇತ್ತಂತೆ. ನೀರಿಗೆ ಕೊರತೆಯಿಲ್ಲದ ಮನೆ ಎಂದು ಅಪ್ಪ ಎಲೆ ಹಾಕಿಕೊಂಡರು. ಅಕ್ಕ ಆ ಮನೆಗೆ ಹೋದ ಮೇಲೆ ತಿಳಿದದ್ದು ಬೇರೆ. ಹಿತ್ತಲ ಬಾವಿಯ ನೀರು ಸವಳು. ಸಿಹಿನೀರಿನ ಬಾವಿ ಊರ ಹೊರಗೆ, ಎರಡು ಹೊಲ ದಾಟಿ. ಮನೆಗೆ ನಲ್ಲಿ ಬರುವವರೆಗೂ ಆ ನೀರು ಹೊತ್ತವಳು ಅವಳೇ. ಈ ವಿಷಯಕ್ಕೆ ಅವಳು ಅಪ್ಪನೊಡನೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅಪ್ಪ ಬಂದಾಗಲೆಲ್ಲ ಅವರ ಕೈಗೆ ಒಂದು ತಂಬಿಗೆ ನೀರು ಕೊಟ್ಟು, ಅವರು ಕುಡಿದು ಮುಗಿಸುವ ತನಕ ಎದುರಿಗೆ ನಿಂತಿರುತ್ತಿದ್ದಳು, ಅಷ್ಟೇ.

ಈ ಹಳೆಯ ಮಾತು ಈಗ ಯಾಕೆಂದರೆ, ಅಕ್ಕನ ಮಗಳು ಸುಮಂಗಲಾಗೆ ಭೂತಾನದಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಸುಮಾ ಯರಗಟ್ಟಿಯಲ್ಲಿ ಹನ್ನೊಂದು ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಈ ಸಲ ಕೆಲಸ ಇದೆಯೋ ಇಲ್ಲವೋ ಎಂದು ಕಾಯುವುದೇ ಅವಳ ಮುಂಗಾರು. ಗಂಡ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗಿರುತ್ತಾರೆ. ಏಳು ವರ್ಷದ ಮಗಳು ಪಲ್ಲವಿ ಅಜ್ಜಿಯ ಕೈಯಲ್ಲೇ ಬೆಳೆದವಳು. ತರಬೇತಿಗೆಂದು ಸುಮಾ ಎರಡು ತಿಂಗಳು ಮೊದಲೇ ಒಬ್ಬಳೇ ಭೂತಾನಕ್ಕೆ ಹೋಗಿದ್ದಳು. ಅಲ್ಲಿ ಎರಡು ಶಾಲೆಗಳು ಅವಳನ್ನು ಕರೆದವು. ಒಂದು ರಾಜಧಾನಿ ಥಿಂಫುವಿನಲ್ಲಿ, ಇನ್ನೊಂದು ಪಾರೋದಲ್ಲಿ. ಎರಡೂ ಹಿಮಾಲಯದ ಕಣಿವೆಯ ಊರುಗಳೇ; ನಡುವೆ ಒಂದೂವರೆ ತಾಸಿನ ದಾರಿ. ಎರಡೂ ಕಡೆ ಅವಳು ಬಾಡಿಗೆಗೆ ಒಂದೊಂದು ಮನೆ ನೋಡಿಟ್ಟಿದ್ದಳು. ಯಾವುದಾದರೂ ಸರಿ, ಅಕ್ಕ ಬಂದು ಮಗುವನ್ನು ನೋಡಿಕೊಂಡರೆ ಮಾತ್ರ ಸುಮಾ ಕೆಲಸಕ್ಕೆ ಸೇರಬಹುದು. ಇಲ್ಲವಾದರೆ ಮತ್ತೆ ಯರಗಟ್ಟಿ.

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಬರತೇನಿ ಅಂತನೂ ಅನ್ನೂದಿಲ್ಲ, ಬರೂದಿಲ್ಲ ಅಂತನೂ ಅನ್ನೂದಿಲ್ಲ. ಮೊದಲ ಮನಿ ನೋಡಬೇಕು.’

‘ಎರಡೂ ಮನಿದು ಫೋಟೋ ಕಳಿಸೇನಲ್ಲವ್ವಾ.’

‘ಫೋಟೋದಾಗ ಹಂಡೆ ತುಂಬೇ ಇರತಾವ.’

ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಅಕ್ಕ ತನಗಾಗಿ ತಾನೇ ಮನೆ ನೋಡಲು ಹೊರಟಳು. ಜೊತೆಗೆ ನಾನು; ಪಲ್ಲವಿಯನ್ನು ನಮ್ಮ ಮನೆಯಲ್ಲಿ ಬಿಟ್ಟೆವು. ಬೆಳಗಾವಿಯ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿದವನು ನಾನು. ಹಳೆಯ ಅಭ್ಯಾಸದಂತೆ ಒಂದು ನೋಟುಬುಕ್ಕಿನ ಪುಟಕ್ಕೆ ಮೂರು ಅಂಕಣ ಗೀಟು ಹಾಕಿದೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಅಕ್ಕ ತನ್ನ ಬಟ್ಟೆಯ ಸಂಚಿಯಲ್ಲಿ ಒದ್ದೆ ಅರಿವೆ ಸುತ್ತಿದ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಟ್ಟುಕೊಂಡಳು.

ಫುಂಟ್‌ಶೋಲಿಂಗ್

ಗಡಿ ಎಂದರೆ ಅಲ್ಲಿ ಒಂದು ಗೋಡೆ, ಒಂದು ಬಾಗಿಲು. ಈಚೆ ಭಾರತದ ಜೈಗಾಂವ್. ಕಿವಿಯ ಹತ್ತಿರವೇ ಹಾರನ್ನು, ಕಾಲ ಕೆಳಗೆ ಬಾಳೆ ಸಿಪ್ಪೆ, ಹೆಗಲ ಮೇಲೆ ಯಾರದೋ ಕೈ. ಬಾಗಿಲು ದಾಟಿ ಇಪ್ಪತ್ತು ಹೆಜ್ಜೆ ನಡೆದರೆ ಭೂತಾನದ ಫುಂಟ್‌ಶೋಲಿಂಗ್. ಅದೇ ಬಿಸಿಲು, ಅದೇ ಸೆಖೆ. ಸದ್ದು ಮಾತ್ರ ಯಾರೋ ಗುಂಡಿ ತಿರುಗಿಸಿದಂತೆ ಇಳಿದುಹೋಗುತ್ತದೆ. ಅಕ್ಕ ರಸ್ತೆಯ ಅಂಚಿನಲ್ಲಿ ನಿಂತು ನಾಲ್ಕಾರು ಕಾರು ಹೋಗುವುದನ್ನು ನೋಡಿದಳು.

‘ತಮ್ಮಾ, ಇವರ ಗಾಡ್ಯಾಗ ಹಾರನ್ ಇಲ್ಲೇನು?’

‘ಇರತಾವ. ಹೊಡಿಯೂದಿಲ್ಲ.’

‘ಮತ್ತ ಇಟ್ಕೊಂಡು ಏನ ಮಾಡ್ತಾರ?’

ಒಳಗೆ ಹೋಗಲು ಪರವಾನಗಿ ಬರೆಸಬೇಕು. ಸಾಮಾನು ನೋಡುವ ಕಡೆ ಕುಳಿತಿದ್ದವಳು ನಡುವಯಸ್ಸಿನ ಹೆಂಗಸು, ಕಾಲ್ಬೆರಳವರೆಗೂ ಇಳಿಯುವ ಅಡ್ಡಪಟ್ಟೆಯ ಉಡುಪು. ಅಕ್ಕನ ಸಂಚಿ ಕಂಡು ಇದೇನೆಂದು ಹಿಂದಿಯಲ್ಲಿ ಕೇಳಿದಳು. ಅಕ್ಕನ ಹಿಂದಿ ಸವದತ್ತಿ ಸಂತೆಯಲ್ಲಿ ಬಳೆಗಾರರಿಂದ ಕಲಿತದ್ದು.

‘ಪಾನ್ ಹೈ ರೀ. ಖಾನೇ ಕಾ. ಮೇರಾ ಖುದ್ ಕಾ.’

ಆ ಹೆಂಗಸು ನಕ್ಕಳು. ಹಲ್ಲೆಲ್ಲ ಕೆಂಪು. ಮೇಜಿನ ಡ್ರಾಯರ್ ಎಳೆದು ತನ್ನದೇ ಒಂದು ಡಬ್ಬಿ ತೆಗೆದಳು. ಅದರಲ್ಲಿ ಮಡಿಚಿಟ್ಟ ಎಲೆ, ದಪ್ಪ ಹಸಿ ಅಡಿಕೆ ಹೋಳು, ಸುಣ್ಣ. ಆ ದೇಶದಲ್ಲಿ ಇದಕ್ಕೆ ದೋಮಾ ಎನ್ನುತ್ತಾರೆ. ಪರಿಚಯವಾದರೆ ದೋಮಾ, ಜಗಳ ಮುಗಿದರೆ ದೋಮಾ, ಬಸ್ಸು ತಡವಾದರೆ ದೋಮಾ. ಚಳಿಗೆ ಮೈ ಬಿಸಿಯಾಗುತ್ತದೆ ಎಂಬುದು ಅವರು ಕೊಡುವ ಕಾರಣ. ಸಿದ್ಧವಾಗಿದ್ದ ಒಂದನ್ನು ಅವಳು ಅಕ್ಕನ ಮುಂದೆ ಹಿಡಿದಳು.

ಅಕ್ಕ ಕೈ ಚಾಚಿದವಳು ಹಾವು ಕಂಡಂತೆ ಹಿಂದೆ ತೆಗೆದುಕೊಂಡು, ಎರಡೂ ಕೈ ಮುಗಿದಳು. ‘ನಕ್ಕೋ ರೀ. ಬಾದ್ ಮೇ.’

‘ಬಾದ್ ಮೇ ಕಬ್?’ ಅಧಿಕಾರಿಣಿಗೆ ತಮಾಷೆ ಎನ್ನಿಸಿತ್ತು.

‘ನಿಕ್ಕಿ ಹೋನೇ ಕೆ ಬಾದ್.’

ಹೊರಗೆ ಬಂದ ಮೇಲೆ ನಾನು ಹೇಳಿದೆ, ಅದು ಬರೀ ಉಪಚಾರ, ತೆಗೆದುಕೊಳ್ಳಬಹುದಿತ್ತು ಎಂದು. ಅಕ್ಕ ಒಪ್ಪಲಿಲ್ಲ. ‘ಮನಿ ನೋಡಾಕ ಬಂದೇನಿ. ನಿಕ್ಕಿ ಆಗೂತನಾ ಈ ದೇಶದಾಗ ಯಾರ ಕೈಯಿಂದನೂ ಎಲಿ ತಗೋಳೂದಿಲ್ಲ. ನನ್ನವು ಅದಾವಲ್ಲ.’

ಅವಳ ಎಲೆಗಳು ಮೂರು ದಿನದ ರೈಲಿನಲ್ಲಿ ಆಗಲೇ ಅಂಚು ಹಳದಿಯಾಗಿದ್ದವು. ನಾನದನ್ನು ‘ಕಂಡದ್ದು’ ಅಂಕಣದಲ್ಲಿ ಬರೆದುಕೊಂಡೆ. ಎಲೆ-ಅಡಿಕೆಯನ್ನು ಹೋದಲ್ಲಿ ಬಂದಲ್ಲಿ ಕೊಡುವ ದೇಶಕ್ಕೆ, ಎಲೆ-ಅಡಿಕೆ ಇಲ್ಲದೆ ಅರ್ಧ ದಿನ ಇರಲಾರದ ನಮ್ಮಕ್ಕ, ಅದನ್ನು ಮುಟ್ಟುವುದಿಲ್ಲವೆಂಬ ನೇಮ ಹಿಡಿದು ಕಾಲಿಟ್ಟಿದ್ದಳು.

ಥಿಂಫು

ಘಟ್ಟ ಹತ್ತಿ ಥಿಂಫು ಮುಟ್ಟಿದಾಗ ಸುಮಾ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ತಾಯಿಯ ಮೈಮೇಲೆ ಸ್ವೆಟರ್ ಹಾಕಿ, ಸಂಚಿಯ ಮೇಲೊಮ್ಮೆ ಕಣ್ಣಾಡಿಸಿ, ನನ್ನನ್ನು ಪಕ್ಕಕ್ಕೆ ಕರೆದಳು.

‘ಮಾಮಾ, ಶನಿವಾರದೊಳಗ ಎರಡೂ ಸಾಲಿಗೆ ಹೇಳಬೇಕು. ಅವ್ವ ಏನಂತಾಳ?’

‘ಏನೂ ಅಂದಿಲ್ಲ.’

‘ಎರಡೂ ಬ್ಯಾಡ ಅಂದ್ಲಂದ್ರ?’

ಅಂದು ಮಂಗಳವಾರ.

ಥಿಂಫು ಉದ್ದನೆಯ ಊರು. ಹೊಳೆಯ ಗುಂಟ ಹಬ್ಬಿ, ಜಾಗ ಸಾಲದೆ ಗುಡ್ಡ ಹತ್ತಿದೆ. ಐದಾರು ಅಂತಸ್ತಿನ ಕಟ್ಟಡಗಳು, ಪ್ರತಿ ಕಿಟಕಿಗೂ ಬಣ್ಣದ ಮರದ ಚೌಕಟ್ಟು. ರಾಜಧಾನಿಯಾದರೂ ಸಿಗ್ನಲ್ ದೀಪ ಇಲ್ಲ. ನಡು ಚೌಕದಲ್ಲಿ ಚಿತ್ತಾರದ ಮಂಟಪದೊಳಗೆ ಬಿಳಿ ಕೈಗವಸಿನ ಪೊಲೀಸನೊಬ್ಬ ನಿಂತು ಗಾಡಿಗಳನ್ನು ಕಳಿಸುತ್ತಾನೆ. ಅಕ್ಕ ಅವನನ್ನು ಕಾಲು ತಾಸು ನೋಡಿದಳು.

‘ಸವದತ್ತಿ ಬಸ್‌ಸ್ಟ್ಯಾಂಡ್ ಮುಂದ ಇವನ್ನ ನಿಲ್ಲಿಸಿದ್ರ ಸಂಜೀತನಾ ಕೈ ಎರಡೂ ಬಿದ್ದು ಹೋಗ್ತಿದ್ವು.’

ಮನೆ ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಕ್ಕ ಮೆಟ್ಟಿಲು ಎಣಿಸಿದಳು, ಅರವತ್ತೊಂದು. ಎರಡು ಕೋಣೆ, ದಕ್ಷಿಣಕ್ಕೆ ಒಂದು ದೊಡ್ಡ ಕಿಟಕಿ. ಮನೆಯ ಮಾಲೀಕ ಪೆಂಜೋರ್ ನಿವೃತ್ತ ಸರ್ವೇಯರ್. ಕಡಿಮೆ ಮಾತಿನ, ಕೇಳಿದ್ದಕ್ಕೆ ಅಳತೆಯಲ್ಲೇ ಉತ್ತರ ಕೊಡುವ ಮನುಷ್ಯ. ಅಕ್ಕ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ, ನೀರು ಬೀಳುವುದನ್ನು ನೋಡುತ್ತಾ ನಿಂತಳು. ಬೊಗಸೆಯಲ್ಲಿ ಹಿಡಿದು ಕುಡಿದಳು. ಆಮೇಲೆ ಕಿಟಕಿಯ ಹತ್ತಿರ ಬಂದಳು.

‘ಬಿಸಲು ಎಷ್ಟೊತ್ತಿಗೆ ಬರತೈತಿ, ಎಷ್ಟೊತ್ತಿಗೆ ಹೋಗತೈತಿ, ಕೇಳವಗ.’

ಪತ್ರಿಕೆಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬೈಲಹೊಂಗಲದ ಬೇಸಿಗೆಯಲ್ಲಿ ಬೇವಿನ ನೆರಳು ಹುಡುಕಿ ಚಾಪೆ ಎಳೆದಾಡುವ ನಮಗೆ ಬಿಸಿಲೂ ಕೇಳಿ ಪಡೆಯುವ ವಸ್ತು ಎಂದು ಗೊತ್ತಿರುವುದಿಲ್ಲ. ಪೆಂಜೋರ್ ಪ್ರಶ್ನೆಯನ್ನು ಮೆಚ್ಚಿಕೊಂಡ. ನವೆಂಬರಿನಲ್ಲಿ ಎಂಟಕ್ಕೆ ಬಂದು ನಾಲ್ಕರ ತನಕ ಇರುತ್ತದೆ ಎಂದ. ಹಾಗೆಂದು ದೋಮಾ ಡಬ್ಬಿ ತೆರೆದು ನಮ್ಮೆದುರು ಹಿಡಿದ.

ಅಕ್ಕ ಕೈ ಮುಗಿದಳು. ನಾನು ಸಿಗ್ನಲ್ ಇಲ್ಲದ ಊರಿನ ಬಗ್ಗೆ ಬರೆದುಕೊಳ್ಳುತ್ತಿದ್ದವನು ಯೋಚಿಸದೆ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ.

ಅಕ್ಕ ನನ್ನ ರಟ್ಟೆ ಹಿಡಿದಳು. ‘ಉಗುಳು.’

‘ಏನು?’

‘ಉಗುಳಂದೆ! ನೀ ಮಾತು ಕೊಟ್ಟಂಗಾತು.’

ಉಗುಳಲು ಅಲ್ಲಿ ಜಾಗವಿರಲಿಲ್ಲ. ನುಂಗಿದೆ. ನಮ್ಮ ಒಣ ಅಡಿಕೆಯಂತಲ್ಲ ಈ ಹಸಿ ಅಡಿಕೆ. ಒಂದೇ ನಿಮಿಷದಲ್ಲಿ ಕಿವಿ ಕಾದವು, ಹಣೆ ಬೆವರಿತು, ಎದುರಿನ ಬೆಟ್ಟ ಸ್ವಲ್ಪ ಎಡಕ್ಕೆ ವಾಲಿತು. ಪೆಂಜೋರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಿಟಕಿ ತೆರೆದ. ಸುಮಾ ಮುಖ ಆಚೆ ತಿರುಗಿಸಿ ನಗುತ್ತಿದ್ದಳು. ನಾವು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಕೆಳಗಿಳಿದು ಬಂದರೆ ಮೆಟ್ಟಿಲ ಬುಡದಲ್ಲಿ ಒಂದು ಪುಟ್ಟ ಅಂಗಡಿ. ದಾರ, ಬೆಂಕಿಪೊಟ್ಟಣ, ನೂಲಿಗೆ ಪೋಣಿಸಿದ ಕಲ್ಲಿನಂಥ ಒಣ ಚೀಸು. ಬಾಗಿಲಲ್ಲಿ ಅಗಲವಾದ ತಗ್ಗು ಮಣೆಯ ಮೇಲೆ ಅಕ್ಕನ ವಯಸ್ಸಿನವಳೇ ಒಬ್ಬ ಹೆಂಗಸು. ಚೋಡೆನ್ ಎಂದು ಹೆಸರು. ನಾವು ಹಿರಿಯ ಹೆಂಗಸರಿಗೆ ಅವ್ವಾರು ಎಂದಂತೆ ಅಲ್ಲಿ ಆಮ್ ಚೋಡೆನ್. ಮೇಲೆ ಮನೆ ನೋಡಲು ಬಂದವರು ಎಂದು ಅವಳಿಗೆ ಗೊತ್ತಾಗಿತ್ತು. ನಮಗಾಗಿಯೇ ಮಡಿಚಿಟ್ಟ ಎಲೆಯನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ಮತ್ತೆ ಕೈ ಮುಗಿದಳು. ಆಮ್ ಚೋಡೆನ್ ಎಲೆಯನ್ನು ತನ್ನ ಬಾಯಿಗೇ ಹಾಕಿಕೊಂಡು, ಮಣೆಯ ಮೇಲೆ ಸರ್ರನೆ ತಿರುಗಿ ನಮಗೆ ಬೆನ್ನು ಕೊಟ್ಟಳು.

‘ಸಿಟ್ಟಾದ್ಲು,’ ಎಂದಳು ಸುಮಾ.

‘ಆಗಲಿ. ನನಗೂ ಹಂಗ ಆಗ್ತಿತ್ತು,’ ಎಂದಳು ಅಕ್ಕ. ಆದರೆ ರಸ್ತೆಯ ತಿರುವಿನ ತನಕ ಮೂರು ಸಲ ಹಿಂದಿರುಗಿ ನೋಡಿದಳು.

ಮರುದಿನ ಬೆಳಿಗ್ಗೆ ವಸತಿಗೃಹದಲ್ಲಿ ಅಕ್ಕನ ಹಾಸಿಗೆ ಖಾಲಿ. ಸುಮಾ ಗಾಬರಿಯಾದಳು. ಹುಡುಕಿದಾಗ ಅವಳು ಸಿಕ್ಕಿದ್ದು ಊರ ನಡುವಿನ ದೊಡ್ಡ ಬಿಳಿ ಸ್ತೂಪದ ಹತ್ತಿರ, ಒಂದು ಕಟ್ಟೆಯ ಮೇಲೆ ಕಾಲಿಳಿಬಿಟ್ಟು ಕುಳಿತಿದ್ದಳು. ಮುದುಕಿಯರೂ ಮುದುಕರೂ ಜಪಮಣಿ ಎಣಿಸುತ್ತ ಸ್ತೂಪವನ್ನು ಸುತ್ತುತ್ತಿದ್ದರು. ದಣಿದವರು ಬಿಸಿಲಲ್ಲಿ ಕುಳಿತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಗದ್ದಲವಿಲ್ಲ, ಆದರೆ ಮಾತು ನಿಂತಿರಲೂ ಇಲ್ಲ.

‘ಇವರ ಮನ್ಯಾಗ ಇವರಿಗೆ ಕೆಲಸ ಇಲ್ಲೇನು?’ ಎಂದು ಅಕ್ಕ ಕೇಳಿದಳು.

ಸುಮಾ ಹೇಳಿದಳು: ‘ಬಾಳ ಮಂದಿ ದೂರದ ಹಳ್ಳಿಯವ್ರವ್ವಾ. ಮಕ್ಕಳಿಗೆ ಇಲ್ಲಿ ನೌಕರಿ, ಮೊಮ್ಮಕ್ಕಳನ್ನ ನೋಡ್ಕೋಳಾಕ ಬಂದಾರ. ಹುಡುಗ್ರನ್ನ ಸಾಲಿಗೆ ಬಿಟ್ಟು ಇಲ್ಲಿ ಬರತಾರ. ಸಾಲಿ ಬಿಟ್ಟಾಗ ಕರ್ಕೊಂಡು ಹೋಗ್ತಾರ.’

‘ಹೌದನ?’ ಎಂದಳು ಅಕ್ಕ. ನಾನು ‘ಅಕ್ಕ ಸ್ತೂಪದ ಬಳಿ ಒಂದು ತಾಸು ಕುಳಿತಿದ್ದಳು’ ಎಂದು ಬರೆದು, ‘ಊಹಿಸಿದ್ದು’ ಅಂಕಣವನ್ನು ಖಾಲಿ ಬಿಟ್ಟೆ.

ಪಾರೋ

ಗುರುವಾರ ಪಾರೋಗೆ ಹೋದೆವು. ಪಾರೋ ಕಣಿವೆ ಅಗಲ. ಹೊಳೆ ಬಿಳಿ ಕಲ್ಲುಗಳ ಮೇಲೆ ಹರಿಯುತ್ತದೆ, ಎರಡೂ ದಂಡೆಗೆ ಭತ್ತದ ಗದ್ದೆ. ಕೊಯ್ಲು ಮುಗಿದು ಬಣವೆ ಒಟ್ಟಿದ್ದರು. ತಿರುವು ದಾಟುತ್ತಲೇ ಅಕ್ಕ ಟ್ಯಾಕ್ಸಿಯ ಗಾಜಿಗೆ ಮುಖ ಒತ್ತಿದಳು. ಎಲ್ಲ ಮನೆಗಳ ಮಾಳಿಗೆಗಳು ಕೆಂಪಗೆ ಕಾಣುತ್ತಿದ್ದವು.

‘ಮೆಣಸಿನಕಾಯಿ! ಏ ತಮ್ಮಾ, ಮಾಳಿಗಿ ಮ್ಯಾಲ ಮೆಣಸಿನಕಾಯಿ ಹಾಕ್ಯಾರ ನೋಡು!’

ಬೈಲಹೊಂಗಲದ ಆಚೆ ಈಚೆ ಕಣದಲ್ಲಿ ಹರವುವುದನ್ನು ಇವರು ಮನೆಯ ತಲೆಯ ಮೇಲೆ ಹರವಿದ್ದರು. ನಮ್ಮಲ್ಲಿ ಮೆಣಸಿನಕಾಯಿ ಪಲ್ಯಕ್ಕೆ ಬೀಳುತ್ತದೆ. ಇಲ್ಲಿ ಮೆಣಸಿನಕಾಯಿಯದೇ ಪಲ್ಯ, ಚೀಸು ಹಾಕಿ ಕುದಿಸಿದ್ದು. ಥಿಂಫುವಿನ ಹೋಟೆಲಿನಲ್ಲಿ ಅದನ್ನು ತಿಂದು ನಾನು ಎರಡು ಲೋಟ ನೀರು ಕುಡಿದಿದ್ದೆ. ಅಕ್ಕ ಇನ್ನಷ್ಟು ಹಾಕಿಸಿಕೊಂಡಿದ್ದಳು. ಹೋಟೆಲ್ ಊಟ ಮನೆ ನೋಡುವ ಲೆಕ್ಕಕ್ಕೆ ಬರುವುದಿಲ್ಲವಂತೆ.

ಊರ ಮೇಲೆ ಬೆಟ್ಟದ ಹೆಗಲಲ್ಲಿ ಒಂದು ಕೋಟೆ. ಗೋಡೆಗಳು ಒಳಕ್ಕೆ ಓರೆಯಾಗಿ ಏರಿವೆ. ದೂರದಿಂದ ನನಗೆ ನಮ್ಮ ಕಡೆಯ ತೊರಗಲ್ ಕೋಟೆ ನೆನಪಾಯಿತು, ಹತ್ತಿರ ಹೋದಾಗ ಕಿತ್ತೂರು. ಕಿತ್ತೂರಿನ ಅರಮನೆಯಲ್ಲಿ ಗೋಡೆ ನಿಂತಿದೆ, ಕೆಲಸ ನಿಂತು ಬಹಳ ಕಾಲವಾಯಿತು. ಇಲ್ಲಿ ಕೋಟೆಯ ಒಂದು ಭಾಗದಲ್ಲಿ ಸನ್ಯಾಸಿಗಳು, ಇನ್ನೊಂದು ಭಾಗದಲ್ಲಿ ಸರ್ಕಾರಿ ಕಚೇರಿ. ಅರ್ಜಿ ಹಿಡಿದ ರೈತರು ರಾಜರ ಕಾಲದ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ನಮ್ಮ ತಹಶೀಲ್ದಾರ ಕಚೇರಿಯ ಮುಂದೆ ನಿಲ್ಲುವವರ ಮುಖವೇ ಅವರದೂ.

ಸುಮಾ ನೋಡಿಟ್ಟಿದ್ದ ಮನೆ ಗದ್ದೆಯ ಅಂಚಿನಲ್ಲಿತ್ತು. ಪೇಮಾ ಎಂಬ ವಿಧವೆಯ ತೋಟದ ಮನೆಯ ಒಂದು ಪಾಲು. ನೆಲದಲ್ಲೇ ಬಾಗಿಲು, ಮೆಟ್ಟಿಲು ಹತ್ತುವಂತಿಲ್ಲ. ಹಿತ್ತಲಲ್ಲಿ ಎರಡು ಆಕಳು, ಮೂಲಂಗಿ ಸಾಲು, ಸೇಬಿನ ಆರು ಗಿಡ. ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರ. ಪೇಮಾ ಅಕ್ಕನ ಕೈ ಹಿಡಿದು ಎಲ್ಲ ತೋರಿಸಿದಳು, ನಲ್ಲಿಯ ನೀರು ಎಷ್ಟೊತ್ತಿಗೆ ಎಷ್ಟು ಬರುತ್ತದೆಂದೂ ಹೇಳಿದಳು. ಅಕ್ಕ ಆಕಳ ಗಂಗೆದೊಗಲು ಸವರಿದಳು. ಅದು ಕತ್ತು ಚಾಚಿ ಕೊಟ್ಟಿತು. ಮೂಲಂಗಿ ಕಿತ್ತು ಮಣ್ಣು ಮೂಸಿದಳು. ಪೇಮಾಳ ಹಿಂದಿಯೂ ಅಕ್ಕನ ಹಿಂದಿಯಂಥದ್ದೇ. ಇಬ್ಬರೂ ತಪ್ಪು ಹಿಂದಿಯಲ್ಲಿ ಎಷ್ಟೊಂದು ಸರಿಯಾಗಿ ಮಾತಾಡಿಕೊಂಡರೆಂದರೆ ಸುಮಾಗೂ ನನಗೂ ಬಾಯಿ ಹಾಕುವ ಪ್ರಸಂಗವೇ ಬರಲಿಲ್ಲ.

‘ತುಮ್ಹಾರಾ ಗಾಯ್ ದೂಧ್ ಕಿತ್ನಾ ದೇತಾ ರೀ?’

‘ಸುಬಹ್ ತೀನ್, ಶಾಮ್ ದೋ.’

‘ಹಿಂಡಿ ಖಿಲಾವ್, ಹಿಂಡಿ! ಎಂಟು ದೇತಾ!’

ನಾನು ನನ್ನ ಕೆಲಸ ಮಾಡಿದೆ. ಥಿಂಫುವಿಗೆ: ದೊಡ್ಡ ಆಸ್ಪತ್ರೆ, ಹೆಚ್ಚು ಬಸ್ಸು, ದೊಡ್ಡ ಸಂತೆ, ಬಿಸಿಲು, ಅರವತ್ತೊಂದು ಮೆಟ್ಟಿಲು. ಪಾರೋಗೆ: ನೆಲದ ಮನೆ, ಹಾಲು, ಶಾಲೆಯ ಹತ್ತಿರ, ಮಾತಿಗೆ ಪೇಮಾ, ಮೂರು ಗಂಟೆಗೇ ಪಶ್ಚಿಮದ ಗುಡ್ಡ ಮನೆಯ ಮೇಲಿನ ಬಿಸಿಲು ಎಳೆದುಕೊಳ್ಳುತ್ತದೆ. ಆ ನಿಮಿಷವನ್ನು ನಾನು ಗಡಿಯಾರದಲ್ಲಿ ನೋಡಿದೆ. ಅಂಗಳದಲ್ಲಿ ಕುಳಿತವರೆಲ್ಲ ಏಕಕಾಲಕ್ಕೆ ಎದ್ದು ಒಲೆಯ ಹತ್ತಿರ ಹೋದರು.

ಪೇಮಾ ದೋಮಾ ತಟ್ಟೆ ತಂದಳು. ಮರದ ಬಟ್ಟಲು, ಹಿತ್ತಾಳೆಯ ಸುಣ್ಣದ ಡಬ್ಬಿ.

ಅಕ್ಕ ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ಅವಳ ಸ್ವಂತ ಎಲೆಗಳು ಹಿಂದಿನ ದಿನವೇ ಕಪ್ಪಾಗಿದ್ದವು. ಬಾಯಿ ಚಪ್ಪರಿಸುತ್ತಲೇ ಕಾಲ ಕಳೆಯುತ್ತಿದ್ದಳು. ಕೊನೆಗೆ ಕೈ ಮುಗಿದಳು. ‘ಕಲ್ ರೀ. ಕಲ್ ಬೋಲ್ತೀ.’

ಪಾರೋ, ಬೆಳಿಗ್ಗೆ

ವಸತಿಗೃಹದಲ್ಲಿ ಅಕ್ಕ ನನ್ನನ್ನು ಐದೂವರೆಗೆ ಎಬ್ಬಿಸಿದಳು. ‘ನಡಿ. ಹೇಳದ ಹೋಗಿ ನೋಡಬೇಕು.’

ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪಿನಂತೆ ಕೂತಿತ್ತು. ಗದ್ದೆಯ ಬದುವಿನ ಮೇಲೆ ಶಾಲು ಹೊದ್ದು ಇಬ್ಬರೂ ಕಳ್ಳರಂತೆ ನಡೆದೆವು. ಪೇಮಾ ಆಗಲೇ ಎದ್ದಿದ್ದಳು. ಬೆನ್ನ ಮೇಲೆ ಕಟ್ಟಿಗೆ ಹೊರೆ, ಹಣೆಗೆ ಅದರ ಪಟ್ಟಿ. ಹೊರೆ ಇಳಿಸಿ ಆಕಳಿಗೆ ಹುಲ್ಲು ಹಾಕಿದಳು, ಅಂಗಳದ ನಲ್ಲಿಗೆ ಕೊಡ ಹಿಡಿದಳು. ನೀರು ಬಂತು. ನಿನ್ನೆ ಹೇಳಿದಷ್ಟೇ ಧಾರೆ, ಹೇಳಿದ ಹೊತ್ತಿಗೇ.

‘ಖರೇನ ಹೇಳ್ಯಾಳ,’ ಎಂದು ಅಕ್ಕ ಪಿಸುಗುಟ್ಟಿದಳು. ‘ಒಂದೂ ಸುಳ್ಳಿಲ್ಲ.’

ನನಗೆ ಅಷ್ಟು ಸಾಕಾಗಿತ್ತು. ಚಳಿಗೆ ಜೋಮು ಹಿಡಿದ ಬೆರಳಿನಿಂದಲೇ, ಬದುವಿನ ಮೇಲೆ ನಿಂತು, ಮೊದಲ ಸಲ ‘ಊಹಿಸಿದ್ದು’ ಅಂಕಣ ತುಂಬಿದೆ: ಪಾರೋ. ಮೆಣಸಿನಕಾಯಿ, ಆಕಳು, ಕೋಟೆ, ಗದ್ದೆ, ಸುಳ್ಳು ಹೇಳದ ಹೆಂಗಸು. ಸಿರಸಂಗಿಯಿಂದ ಬಂದವಳಿಗೆ ಇನ್ನೇನು ಬೇಕು? ಸುಮಾಗೂ ಇದೇ ಬೇಕಿತ್ತೆಂದು ನನಗೆ ಗೊತ್ತಿತ್ತು. ಅವಳದನ್ನು ತಾಯಿಯ ಮುಂದೆ ಆಡಿರಲಿಲ್ಲ.

ಅಕ್ಕ ಪೇಮಾಳನ್ನು ಕರೆಯಲಿಲ್ಲ. ಆ ಕಟ್ಟಿಗೆಯ ಹೊರೆಯನ್ನೇ ನೋಡುತ್ತಿದ್ದಳು. ಆಮೇಲೆ ತಿರುಗಿ ನಡೆದಳು. ಅರ್ಧ ದಾರಿಯಲ್ಲಿ ಕೇಳಿದಳು: ‘ಥಿಂಫುಕ್ಕ ಗಾಡಿ ಎಷ್ಟೊತ್ತಿಗೆ ಐತಿ?’

ಮತ್ತೆ ಥಿಂಫು

ಅದು ಶುಕ್ರವಾರ. ದಾರಿಯುದ್ದಕ್ಕೂ ಸುಮಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಎರಡು ಹೊಳೆಗಳು ಕೂಡುವ ಸೇತುವೆ ಬಂದಾಗ ತಡೆಯಲಾರದೆ ಕೇಳಿದಳು.

‘ಅವ್ವಾ, ಎರಡೂ ಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡು. ನಾ ಸಿಟ್ಟಾಗೂದಿಲ್ಲ. ಸಾಮಾನು ಕಟ್ತೇನಿ.’

‘ಸಾಮಾನು ಕಟ್ಟಾಕ ಅವಸರ ಏನೈತಿ? ಬಾಯಿ ಮುಚ್ಕೊಂಡು ಕೂಡ್ರು.’

ನಾನು ಕೇಳಿದೆ, ‘ಪಾರೋದಾಗ ಏನು ಕಮ್ಮಿ ಕಂಡಿ ಅಕ್ಕಾ?’

‘ಏನೂ ಕಮ್ಮಿ ಇಲ್ಲ. ನಮ್ಮ ಊರಿನಂಗನ ಐತಿ. ಆಕಿ ಎದ್ದು ಕಟಗಿ ಹೊರಾಕತ್ತಿದ್ಲು ನೋಡು. ಬಾಜೂ ಮನ್ಯಾಗ ಇದ್ದು ನಾ ಸುಮ್ಮ ಕುಂಡ್ರೂಕಿಯೇನು? ಎಂಟ ದಿನದಾಗ ಅರ್ಧ ಹೊರಿ ನನ್ನ ಬೆನ್ನ ಮ್ಯಾಲ ಇರತೈತಿ. ಆಕಿ ಹೊರಸೂದಿಲ್ಲ, ನಾನ ಹೊರತೇನಿ. ಅಲ್ಲಿ ಮಂದಿ ಎಲ್ಲಾರೂ ಅಲ್ಲೇ ಹುಟ್ಟಿದವ್ರು. ನಾ ಒಬ್ಬಾಕಿ ಬಂದಾಕಿ. ಮತ್ತ ಹೊಸಾ ಸೊಸಿ ಆಗಬೇಕು. ಒಮ್ಮಿ ಆಗೇನಿ, ಸಾಕು.’

‘ಮತ್ತ ಥಿಂಫುದಾಗ?’

‘ಆ ಗುಡಿ ಸುತ್ತೂ ಮುದುಕ್ಯಾರು ಎಲ್ಲಾರೂ ಬಂದವ್ರ. ಯಾರಿಗೂ ಅದು ತವರುಮನಿ ಅಲ್ಲ, ಅತ್ತಿಮನೀನೂ ಅಲ್ಲ.’

‘ಅರವತ್ತೊಂದು ಮೆಟ್ಟಲ?’

‘ತಲಿ ಮ್ಯಾಲ ಕೊಡ ಇಲ್ಲಲ್ಲ.’

ಸುಮಾ ತಾಯಿಯ ಸಂಚಿಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಾರೋ ಶಾಲೆಯ ವಿಷಯವನ್ನು ಆಮೇಲೂ ಅವಳು ತೆಗೆಯಲಿಲ್ಲ.

ಸುದ್ದಿಮನೆಯಲ್ಲಿ ತಪ್ಪಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ನಾನು ನೋಟುಬುಕ್ಕು ತೆಗೆದು ‘ಪಾರೋ’ ಎಂಬುದರ ಮೇಲೆ ಗೀಟು ಎಳೆದೆ. ಥಿಂಫು ಎಂದು ಬರೆಯಲಿಲ್ಲ. ಇನ್ನೂ ಎಲೆ ಬಾಯಿಗೆ ಹೋಗಿರಲಿಲ್ಲ.

ಪೆಂಜೋರ್‌ಗೆ ಸುಮಾ ಫೋನ್ ಮಾಡಿದ್ದಳು. ಅವನು ಮೇಲೆ ಬಾಗಿಲು ತೆರೆದಿಟ್ಟು ಕಾಯುತ್ತಿದ್ದ. ಆದರೆ ಅಕ್ಕ ಮೆಟ್ಟಿಲ ಬುಡದಲ್ಲೇ ನಿಂತಳು. ಆಮ್ ಚೋಡೆನ್ ಅಂಗಡಿಯ ಬಾಗಿಲಲ್ಲಿದ್ದಳು. ನಮ್ಮನ್ನು ಕಂಡಳು, ಗುರುತಿಸಿದಳು, ದೋಮಾ ಡಬ್ಬಿಯ ಮುಚ್ಚಳ ಹಾಕಿದಳು.

ಅಕ್ಕ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಮಗಳ ಕೈಯಿಂದ ಸಂಚಿ ಇಸಿದುಕೊಂಡು, ಅರಿವೆ ಬಿಚ್ಚಿ, ಕರ್ರಗೆ ಕೊಳೆತ ನಾಲ್ಕು ಎಲೆಗಳನ್ನು ಒಂದೊಂದಾಗಿ ಅಂಗೈ ಮೇಲೆ ಹರವಿ ಆಮ್ ಚೋಡೆನ್‌ಗೆ ತೋರಿಸಿದಳು.

‘ನೋಡ್ರಿ. ಎರಡು ದಿನ ಆತು. ಬಾಯಿ ಸತ್ತೈತಿ.’

ಇದು ಶುದ್ಧ ಸಿರಸಂಗಿ ಕನ್ನಡ. ಆಮ್ ಚೋಡೆನ್ ಬಗ್ಗಿ ಎಲೆಗಳನ್ನು ನೋಡಿದಳು. ನಾಲಿಗೆಯಿಂದ ಲೊಚ್ಚೆಂದು ಸದ್ದು ಮಾಡಿದಳು. ಆ ಎಲೆಗಳನ್ನು ಅಕ್ಕನ ಕೈಯಿಂದ ತೆಗೆದು ರಸ್ತೆಯ ಬದಿಯ ಡಬ್ಬಿಗೆ ಎಸೆದು ಬಂದಳು. ಅವಳ ಬಾಯಿಂದ ಏನೇನೋ ಬರುತ್ತಿತ್ತು. ಭಾಷೆ ನನಗೆ ತಿಳಿಯಲಿಲ್ಲ, ಬೈಗುಳ ಎಂಬುದು ತಿಳಿಯಿತು. ಆಮೇಲೆ ಡಬ್ಬಿ ತೆರೆದು, ಎಲೆಗೆ ಸುಣ್ಣ ಸವರಿ, ದೊಡ್ಡದೊಂದು ಅಡಿಕೆ ಹೋಳಿಟ್ಟು ಮಡಿಚಿ, ಅಕ್ಕನ ಮುಂದೆ ಹಿಡಿದಳು. ಕೈ ಪೂರ್ತಿ ಚಾಚಿರಲಿಲ್ಲ, ಇನ್ನೊಮ್ಮೆ ಬೇಡವೆಂದರೆ ಹಿಂದೆ ತೆಗೆದುಕೊಳ್ಳಲು ಬರುವಂತೆ.

ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಬಾಯಿಗೆ ಹಾಕಿಕೊಂಡಳು.

‘ಸುಮಾ, ಇಲ್ಲಿ ಸಾಲಿಗೆ ಫೋನ್ ಮಾಡು.’

ಸುಮಾ ಫೋನ್ ತೆಗೆದಳು. ನಂಬರು ಎರಡು ಸಲ ತಪ್ಪಿತು.

ಹಗುರಾಗಲೆಂದು ನಾನೊಂದು ಮಾತು ಹೇಳಿದೆ: ‘ಅವತ್ತ ಮ್ಯಾಲ ನಾ ಎಲಿ ಹಾಕ್ಕೊಂಡಾಗ ನಿಕ್ಕಿ ಆಗಿತ್ತಲ್ಲಕ್ಕಾ. ಸುಮ್ಮ ಪಾರೋಕ್ಕ ಹೋಗಿ ಬಂದ್ವಿ.’

ಅಕ್ಕ ಅಗಿಯುವುದನ್ನು ನಿಲ್ಲಿಸಿದಳು. ‘ನೀ ಹಾಕ್ಕೊಂಡಿದ್ದು ನಿನ್ನ ಬಾಯಿಗೆ. ಅಪ್ಪನೂ ಹಂಗ ಹಾಕ್ಕೊಂಡಿದ್ದ.’

ಆ ಹೊತ್ತಿಗೆ ಹಸಿ ಅಡಿಕೆ ತನ್ನ ಕೆಲಸ ಶುರು ಮಾಡಿತ್ತು. ಅಕ್ಕನ ಕಿವಿ ಕೆಂಪಾದವು, ಹಣೆಯ ವಿಭೂತಿ ಬೆವರಿನಲ್ಲಿ ಕರಗಿತು. ಸ್ವೆಟರ್ ಕಳಚಿದಳು. ಆಮ್ ಚೋಡೆನ್ ನಕ್ಕು, ತನ್ನ ಮಣೆಯ ಮೇಲೆ ಸರಿದು ಕುಳಿತು ಅರ್ಧ ಜಾಗ ಮಾಡಿ ಅವಳನ್ನು ಪಕ್ಕಕ್ಕೆ ಎಳೆದಳು. ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ಕುಳಿತರು.

‘ತಮ್ಮಾ,’ ಎಂದಳು ಅಕ್ಕ ತಿರುಗದೆಯೇ, ‘ಒಂದು ಗ್ಲಾಸು ನೀರು ತಾ.’

ಅಂಗಡಿಯಲ್ಲಿ ನೀರಿನ ಬಾಟಲಿಗಳಿದ್ದವು. ನಾನು ಒಂದಕ್ಕೆ ಕೈ ಹಾಕಿದೆ.

‘ಅದಲ್ಲ. ನಮ್ಮ ಮನಿ ನಲ್ಲಿದು.’

ಅರವತ್ತೊಂದು ಮೆಟ್ಟಿಲು ಹತ್ತಿದೆ. ಪೆಂಜೋರ್ ಕೊಟ್ಟ ಉಕ್ಕಿನ ಲೋಟವನ್ನು ಅಡುಗೆಮನೆಯ ನಲ್ಲಿಗೆ ಹಿಡಿದು ತುಂಬಿಸಿದೆ. ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಅರವತ್ತೊಂದು ಮೆಟ್ಟಿಲು ಇಳಿದೆ. ಲೋಟವನ್ನು ಅಕ್ಕನ ಕೈಗೆ ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಎದುರಿಗೆ ನಿಂತಿದ್ದೆ.